ಎಸ್ಕೇಪ್ ರೂಮ್ ಆಟಕ್ಕೆ ಯಾವ ಪಜಲ್? ಒಗಟು, ತರ್ಕ, ಗುಪ್ತಲಿಪಿ, ಕೈಕೆಲಸ: ಆಯ್ಕೆಗೊಂದು ಹೋಲಿಕೆ

ಎಸ್ಕೇಪ್ ರೂಮ್ ಎಂದರೆ ಒಂದು ತಂಡ ಕೋಣೆಯೊಳಗಿನ ಪಜಲ್‌ಗಳನ್ನು ಬಿಡಿಸುತ್ತಾ, ಬೀಗಗಳನ್ನು ತೆರೆಯುತ್ತಾ, ಗೊತ್ತಾದ ಹೊತ್ತಿನೊಳಗೆ ಹೊರಬರುವ ಆಟ. ಅದಕ್ಕೆ ಪಜಲ್ ಆರಿಸುವಾಗ ಹೆಚ್ಚಿನವರು ಮೊದಲು ಯೋಚಿಸುವುದು ಅದು ಎಷ್ಟು ಕಷ್ಟ ಎಂದು. ಅದಕ್ಕೂ ಮುಂಚೆ ನೋಡಬೇಕಾದದ್ದು ಇನ್ನೊಂದಿದೆ. ಆಟಗಾರರು ಅದರ ಮುಂದೆ ಸಿಕ್ಕಿಬಿದ್ದಾಗ ಏನು ಮಾಡುತ್ತಿರುತ್ತಾರೆ?

ಒಗಟಿನ ಮುಂದೆ ಸಿಕ್ಕಿಬಿದ್ದ ತಂಡಕ್ಕೆ ಮಾಡಲು ಕೆಲಸವೇ ಇರುವುದಿಲ್ಲ. ಹೊಳೆದರೆ ಹತ್ತು ಸೆಕೆಂಡು, ಹೊಳೆಯದಿದ್ದರೆ ಹತ್ತು ನಿಮಿಷ ಕಳೆದರೂ ನಿಂತಲ್ಲೇ ನಿಂತಿರುತ್ತಾರೆ. ತರ್ಕದ ಪಜಲ್ ಹಾಗಲ್ಲ. ಒಂದೊಂದು ಹೇಳಿಕೆ ಓದಿದಾಗಲೂ ಒಂದಷ್ಟು ಸಾಧ್ಯತೆಗಳು ಅಳಿಯುತ್ತವೆ, ನಿಧಾನದ ತಂಡವೂ ಮುಂದಕ್ಕೇ ಹೋಗುತ್ತಿರುತ್ತದೆ. ಗುಪ್ತಲಿಪಿ ಇವೆರಡರ ನಡುವಿನದು: ಬಿಡಿಸುವ ಕ್ರಮ ಸಿಗುವವರೆಗೆ ಒಗಟಿನ ಪಾಡು, ಸಿಕ್ಕ ಮೇಲೆ ಬರೀ ಬರವಣಿಗೆ. ಕೈಯಲ್ಲಿ ಜೋಡಿಸುವ, ತಿರುಗಿಸುವ ಪಜಲ್‌ಗಳಲ್ಲಿ ಯಾರೂ ಸುಮ್ಮನೆ ನಿಲ್ಲುವುದಿಲ್ಲ, ಆದರೆ ಏನೂ ಯೋಚಿಸದೆ ಸುಮ್ಮನೆ ತಿರುಗಿಸುತ್ತಲೇ ಉತ್ತರ ಹತ್ತಿಬಿಡುವ ಅಪಾಯವಿದೆ. 60 ನಿಮಿಷದ ಆಟವನ್ನು ಹದವಾಗಿ ಕಟ್ಟಬೇಕೆಂದರೆ ಈ ನಾಲ್ಕರ ಸ್ವಭಾವವನ್ನೂ ಬೇರೆಬೇರೆಯಾಗಿ ತಿಳಿದಿರಬೇಕು.

ಒಗಟು: ಕಡಿಮೆ ಸಾಮಾನು, ಹೆಚ್ಚು ಅಪಾಯ

ಒಂದು ಚೀಟಿ ಸಾಕು, ಒಗಟು ಸಿದ್ಧ. ಆ ಸುಲಭವೇ ಮೋಸ ಮಾಡುವುದು. ಒಗಟಿನಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಎರಡು ಉತ್ತರ. ಇದನ್ನು ನೋಡಿ:

"ನೀನು ಕೈ ಎತ್ತಿದರೆ ನಾನೂ ಎತ್ತುವೆ, ನೀನು ಕೂತರೆ ನಾನೂ ಕೂರುವೆ, ದನಿ ಮಾತ್ರ ನನಗಿಲ್ಲ."

ಬರೆದವರ ಮನಸ್ಸಿನಲ್ಲಿರುವುದು ಕನ್ನಡಿ. ಆದರೆ ನೆರಳು ಎಂದರೂ ತಪ್ಪಲ್ಲ. ನೆರಳು ಎಂದುಕೊಂಡ ತಂಡ ದೀಪದ ಹತ್ತಿರ, ಗೋಡೆಯ ಹತ್ತಿರ ಹುಡುಕುತ್ತದೆ, ಸಿಗದೆ ಕೈಚೆಲ್ಲುತ್ತದೆ. "ನಿನ್ನ ಅಂಗಿಯ ಬಣ್ಣವೇ ನನ್ನ ಅಂಗಿಗೂ" ಎಂಬ ಒಂದು ಸಾಲು ಸೇರಿಸಿದರೆ ನೆರಳು ಹೊರಗೆ ಹೋಗುತ್ತದೆ, ನೆರಳಿಗೆ ಬಣ್ಣವಿಲ್ಲವಲ್ಲ. ಒಗಟು ಬರೆದ ಮೇಲೆ ಕೋಣೆಯಲ್ಲಿರುವ ಎಲ್ಲ ವಸ್ತುಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಒಗಟಿನ ಪ್ರತಿ ಸಾಲನ್ನೂ ಹಚ್ಚಿ ನೋಡಿ. ಎರಡು ವಸ್ತು ಉಳಿದರೆ ಇನ್ನೊಂದು ಸಾಲು ಬೇಕು. ಒಂದೂ ಉಳಿಯದಿದ್ದರೆ ಉತ್ತರದ ವಸ್ತು ಕೋಣೆಯಲ್ಲೇ ಇಲ್ಲ ಎಂದರ್ಥ, ಅಂಥ ಒಗಟನ್ನು ಬಿಟ್ಟುಬಿಡಿ.

ಉತ್ತರವನ್ನು ಬೀಗಕ್ಕೆ ಟೈಪ್ ಮಾಡಿಸುವುದಕ್ಕಿಂತ ಉತ್ತರವಾದ ವಸ್ತುವಿನ ಹತ್ತಿರ ಹೋಗುವಂತೆ ಮಾಡುವುದು ಎಷ್ಟೋ ಮೇಲು. ಕನ್ನಡಿ ಎಂದು ಗೊತ್ತಾಯಿತು, ಕನ್ನಡಿಯ ಹಿಂದೆ ಕೈ ಹಾಕಿದರು, ಕೀಲಿ ಸಿಕ್ಕಿತು. ಟೈಪ್ ಮಾಡಿಸಿದರೆ ಕನ್ನಡಿಯೋ ದರ್ಪಣವೋ ಎಂಬ ಗೊಂದಲ ಹುಟ್ಟುತ್ತದೆ. ಎಷ್ಟು ಅಕ್ಷರ ಎಂದು ಖಾಲಿ ಮನೆಗಳನ್ನು ತೋರಿಸಿದರೂ ತೊಂದರೆ ಪೂರ್ತಿ ತಪ್ಪುವುದಿಲ್ಲ: ಕ, ನ್ನ, ಡಿ ಎಂದು ಮೂರು ಮನೆ ಇಟ್ಟಿದ್ದರೆ ಒತ್ತಕ್ಷರಕ್ಕೆ ಬೇರೆ ಮನೆ ಬೇಕೇನೋ ಎಂದು ಕೆಲವರು ನಾಲ್ಕು ಎಣಿಸುತ್ತಾರೆ. ಒತ್ತಕ್ಷರವಿಲ್ಲದ ಪದವನ್ನೇ ಉತ್ತರವಾಗಿಟ್ಟುಕೊಂಡರೆ ಈ ಗೋಳಿಲ್ಲ.

ಬಾಯಿಂದ ಬಾಯಿಗೆ ಬಂದ ಹಳೆಯ ಒಗಟುಗಳನ್ನು ಹಾಗೆಯೇ ಎತ್ತಿ ಇಡಬೇಡಿ. ಗೊತ್ತಿದ್ದವರು ಓದಿ ಮುಗಿಸುವ ಮುಂಚೆಯೇ ಉತ್ತರ ಹೇಳುತ್ತಾರೆ, ಗೊತ್ತಿಲ್ಲದವರಿಗೆ ಅದು ಬಂಡೆ. ಒಂದೇ ಆಟದಲ್ಲಿ ಎರಡಕ್ಕಿಂತ ಹೆಚ್ಚು ಒಗಟು ಬೇಡ. ಮುಖ್ಯವಾಗಿ, ಅದು ಬಿಡಿಸದೆ ಮುಂದೆ ದಾರಿಯೇ ಇಲ್ಲ ಎಂಬ ಜಾಗದಲ್ಲಿ ಒಗಟನ್ನು ಇಡಲೇಬಾರದು. ಪಕ್ಕದಲ್ಲಿ ಇನ್ನೊಂದು ಪಜಲ್ ತೆರೆದಿರಲಿ, ಒಗಟು ಹೊಳೆಯದವರು ಅತ್ತ ಹೋಗಿ ಬರಲಿ.

ತರ್ಕದ ಪಜಲ್: ನಂಬಬಹುದು, ಆದರೆ ಕಟ್ಟುವವರು ಬೆವರಬೇಕು

ಹೊತ್ತು ಅಂದಾಜು ಮಾಡಲು ತರ್ಕದ ಪಜಲ್‌ನಷ್ಟು ಭರವಸೆಯದ್ದು ಬೇರೆ ಇಲ್ಲ. ಆಟದ ನಡುವಿನ ಭಾಗಕ್ಕೆ ಇದೇ ಬೆನ್ನೆಲುಬು. ಆದರೆ ಪತ್ರಿಕೆಯಲ್ಲಿ ಚೆನ್ನಾಗಿರುವುದು ಕೋಣೆಯಲ್ಲಿ ಚೆನ್ನಾಗಿರುವುದಿಲ್ಲ. 1962ರಲ್ಲಿ ಲೈಫ್ ಇಂಟರ್‌ನ್ಯಾಷನಲ್ ಪತ್ರಿಕೆಯಲ್ಲಿ ಬಂದ ಪ್ರಸಿದ್ಧ ಜೀಬ್ರಾ ಪಜಲ್‌ನಲ್ಲಿ 5 ಮನೆ, 15 ಹೇಳಿಕೆ. ಅದನ್ನು ಕೋಣೆಯಲ್ಲಿಟ್ಟರೆ ಒಬ್ಬರು ಕಾಗದ ಹಿಡಿದು ಮೂಲೆ ಸೇರುತ್ತಾರೆ, ಉಳಿದವರು ಗಡಿಯಾರ ನೋಡುತ್ತಾ ನಿಲ್ಲುತ್ತಾರೆ. 4 ವಸ್ತು, 3 ಬಗೆಯ ಗುಣ ಸಾಕು. ಗುಣಗಳನ್ನು ಎರಡೆರಡಾಗಿ ಎದುರುಬದುರಿಟ್ಟು ಚೌಕಳಿ ಹಾಕಿದರೆ 48 ಮನೆಗಳಾಗುತ್ತವೆ. ಗುಣ ನಾಲ್ಕಾದ ಕೂಡಲೇ ಮನೆಗಳು 96ಕ್ಕೆ ಏರುತ್ತವೆ, ಅಲ್ಲಿಂದಾಚೆ ಕೋಣೆಯ ಆಟವಲ್ಲ.

ಕಟ್ಟುವಾಗ ಎಲ್ಲಿ ಎಡವುತ್ತೇವೆ ಎಂಬುದಕ್ಕೆ ಒಂದು ಸಣ್ಣ ಪಜಲ್ ಇಟ್ಟುಕೊಳ್ಳೋಣ. ಕೆಂಪು, ನೀಲಿ, ಹಳದಿ, ಹಸಿರು ಎಂಬ ನಾಲ್ಕು ಪೆಟ್ಟಿಗೆಗಳನ್ನು ಒಂದು ಸಾಲಿನಲ್ಲಿ ಸರಿಯಾಗಿ ಜೋಡಿಸಬೇಕು. ಹೇಳಿಕೆಗಳು ಎರಡು:

"ನೀಲಿಗೆ ತಾಗಿ ಅದರ ಎಡಕ್ಕೆ ಕೆಂಪು ಇದೆ."
"ಹಳದಿ ಯಾವ ತುದಿಯಲ್ಲೂ ಇಲ್ಲ."

ಬರೆದವರಿಗೆ ಕೆಂಪು, ನೀಲಿ, ಹಳದಿ, ಹಸಿರು ಎಂಬ ಕ್ರಮ ಕಾಣುತ್ತದೆ, ಎರಡೂ ಹೇಳಿಕೆ ಹೊಂದುತ್ತವೆ, ಮುಗಿಯಿತು ಎನಿಸುತ್ತದೆ. ಆದರೆ ಹಸಿರು, ಹಳದಿ, ಕೆಂಪು, ನೀಲಿ ಎಂಬುದೂ ಹೊಂದುತ್ತದೆ. ಅದನ್ನು ಕಂಡುಕೊಂಡ ತಂಡ ತರ್ಕದಲ್ಲಿ ಎಲ್ಲೂ ತಪ್ಪಿಲ್ಲ, ಆದರೂ ಬೀಗ ತೆರೆಯುವುದಿಲ್ಲ. ಆಮೇಲೆ ಅವರು ಪಜಲ್ಲನ್ನೇ ನಂಬುವುದಿಲ್ಲ, ಮುಂದೆ ಸರಿಯುತ್ತರ ಸಿಕ್ಕಾಗಲೂ ಅನುಮಾನಿಸುತ್ತಾರೆ. "ಹಸಿರು ಮೊದಲ ಜಾಗದಲ್ಲಿಲ್ಲ" ಎಂಬ ಮೂರನೆಯ ಹೇಳಿಕೆ ಸೇರಿಸಿದರೆ ಉತ್ತರ ಒಂದೇ ಆಗುತ್ತದೆ.

ಇನ್ನೂ ಸೂಕ್ಷ್ಮವಾದದ್ದು "ತಾಗಿ" ಎಂಬ ಒಂದು ಪದ. ಅದನ್ನು ಬಿಟ್ಟು "ನೀಲಿಯ ಎಡಕ್ಕೆ ಕೆಂಪು ಇದೆ" ಎಂದಷ್ಟೇ ಬರೆದರೆ ಮೂರು ಹೇಳಿಕೆ ಇದ್ದರೂ ಉತ್ತರಗಳು ನಾಲ್ಕಾಗುತ್ತವೆ: ಕೆಂಪು-ನೀಲಿ-ಹಳದಿ-ಹಸಿರು, ಕೆಂಪು-ಹಸಿರು-ಹಳದಿ-ನೀಲಿ, ಕೆಂಪು-ಹಳದಿ-ನೀಲಿ-ಹಸಿರು, ಕೆಂಪು-ಹಳದಿ-ಹಸಿರು-ನೀಲಿ. ಎಡ ಎಂದರೆ ನೋಡುವವರ ಎಡವೋ ಪೆಟ್ಟಿಗೆಯ ಎಡವೋ ಎಂಬುದೂ ಸ್ಪಷ್ಟವಿರಬೇಕು, ಇಡುವ ಹಲಗೆಯ ಮೇಲೆ 1, 2, 3, 4 ಎಂದು ಬರೆದುಬಿಟ್ಟರೆ ವಾದವೇ ಇಲ್ಲ. ನಾಲ್ಕು ವಸ್ತುಗಳನ್ನು ಸಾಲಾಗಿಡುವ ಕ್ರಮಗಳು ಒಟ್ಟು 24. ಆ 24ನ್ನೂ ಕಾಗದದ ಮೇಲೆ ಬರೆದು, ಹೇಳಿಕೆಗೆ ಹೊಂದದ್ದನ್ನು ಹೊಡೆದುಹಾಕುತ್ತಾ ಬನ್ನಿ. ಕಾಲು ಗಂಟೆಯ ಕೆಲಸ, ತಪ್ಪಿಸಬೇಡಿ.

ಈಗ ಆ 24 ಇನ್ನೊಂದು ತೊಂದರೆ ತರುತ್ತದೆ. ಪೆಟ್ಟಿಗೆಗಳ ಮೇಲೆ ಒಂದೊಂದು ಅಂಕಿ ಬರೆದು, ಕ್ರಮ ಸಿಕ್ಕರೆ ನಾಲ್ಕಂಕಿಯ ಬೀಗ ತೆರೆಯುತ್ತದೆ ಎಂದಿಟ್ಟರೆ, ಚುರುಕಿನ ತಂಡ ಹೇಳಿಕೆಗಳನ್ನು ಓದುವುದೇ ಇಲ್ಲ. ಒಂದು ಪ್ರಯತ್ನಕ್ಕೆ 5 ಸೆಕೆಂಡು ಹಿಡಿದರೂ 24 ಪ್ರಯತ್ನ ಎರಡೇ ನಿಮಿಷ. ನಾಲ್ಕಂಕಿಯ ಬೀಗಕ್ಕೆ 10,000 ಸಾಧ್ಯತೆ ಇದೆ ಎಂಬ ಧೈರ್ಯ ಅಂಕಿಗಳು ಗುಟ್ಟಾಗಿರುವವರೆಗೆ ಮಾತ್ರ. ಮೂರು ಅಂಕಿ ಜಾಗ ಸಮೇತ ಗೊತ್ತಾದರೆ ಉಳಿದದ್ದು ಹತ್ತೇ ಪ್ರಯತ್ನ, ಕೊನೆಯ ಅಂಕಿ ಕೊಡುವ ಪಜಲ್ ಯಾರೂ ಮುಟ್ಟದೆ ಹಾಗೇ ಉಳಿಯುತ್ತದೆ. ನೀವು ಕಷ್ಟಪಟ್ಟು ಮಾಡಿದ ಪಜಲ್ ಅದಾಗಿರುತ್ತದೆ!

ಪರಿಹಾರ ಕಷ್ಟದ್ದಲ್ಲ. ಪೆಟ್ಟಿಗೆಯ ಮೇಲೆ ಅಂಕಿ ಬರೆಯುವ ಬದಲು ಗೋಡೆಯ ಮೇಲೆ 4×4 ಕೋಷ್ಟಕ ಹಾಕಿ: ಅಡ್ಡಸಾಲಿಗೆ ಒಂದೊಂದು ಬಣ್ಣ, ಉದ್ದಸಾಲಿಗೆ ಒಂದೊಂದು ಜಾಗ, ಹದಿನಾರು ಮನೆಗಳಲ್ಲಿ ಅಂಕಿಗಳು. ಕೆಂಪು 1ನೇ ಜಾಗದಲ್ಲಿದ್ದರೆ 7, ನೀಲಿ 2ರಲ್ಲಿದ್ದರೆ 2, ಹಳದಿ 3ರಲ್ಲಿದ್ದರೆ 9, ಹಸಿರು 4ರಲ್ಲಿದ್ದರೆ 4, ಬೀಗಕ್ಕೆ 7294. ಊಹಿಸಬೇಕೆಂದರೆ ಪ್ರತಿ ಸಲವೂ ಕೋಷ್ಟಕ ನೋಡಬೇಕು, ಅಷ್ಟರಲ್ಲಿ ಯೋಚಿಸುವುದೇ ಬೇಗ ಎನಿಸುತ್ತದೆ. ಐದು ಪೆಟ್ಟಿಗೆ ಮಾಡಿದರೆ ಕ್ರಮಗಳು 120 ಆಗುತ್ತವೆ, ಅದೂ ಒಂದು ದಾರಿ.

ಒಬ್ಬರೇ ಆಡುವ ಚಟಕ್ಕೂ ಮದ್ದಿದೆ. ಹೇಳಿಕೆಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಬೇಡಿ, ಒಂದೊಂದನ್ನು ಒಂದೊಂದು ಕಾರ್ಡಿನಲ್ಲಿ ಬರೆದು ಕೋಣೆಯ ಬೇರೆಬೇರೆ ಕಡೆ ಇಡಿ. ಪೆನ್ನು-ಕಾಗದದ ಬದಲು ಎತ್ತಿಡಬಹುದಾದ ದೊಡ್ಡ ಪೆಟ್ಟಿಗೆಗಳನ್ನೇ ಕೊಡಿ. ಒಬ್ಬರು ಓದುತ್ತಾರೆ, ಇಬ್ಬರು ಎತ್ತಿಡುತ್ತಾರೆ, ಇನ್ನೊಬ್ಬರು "ಹಾಗಲ್ಲ, ಹಳದಿ ತುದಿಗೆ ಬಂತು" ಎನ್ನುತ್ತಾರೆ. ಕಾರ್ಡುಗಳ ಮೇಲೆ "5ರಲ್ಲಿ 2" ಎಂಬಂತೆ ಲೆಕ್ಕ ಬರೆದಿರಲಿ, ಒಂದು ಕಾರ್ಡು ಸಿಗದೇ ಇದ್ದರೂ ಎಲ್ಲ ಸಿಕ್ಕಿದೆ ಎಂದುಕೊಂಡು ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ರೇಮಂಡ್ ಸ್ಮಲಿಯನ್ ಜನಪ್ರಿಯಗೊಳಿಸಿದ ಸತ್ಯ ಹೇಳುವವರು, ಸುಳ್ಳು ಹೇಳುವವರು ಎಂಬ ಬಗೆಯ ಪಜಲ್‌ಗಳೂ ತರ್ಕದವೇ. ಓದಲು ಬಲು ಸೊಗಸು. ಆದರೆ ಮೂರು ಪೆಟ್ಟಿಗೆ ಇಟ್ಟು ಒಂದರಲ್ಲಿ ಕೀಲಿ ಇದೆ ಎಂದರೆ ಯಾರೂ ತರ್ಕಿಸುವುದಿಲ್ಲ, ಮೂರನ್ನೂ ತೆರೆಯುತ್ತಾರೆ. ತಪ್ಪು ಪೆಟ್ಟಿಗೆ ತೆರೆದರೆ ನಷ್ಟವಾಗುವ ಏರ್ಪಾಡು ಇದ್ದರೆ ಮಾತ್ರ ಇದನ್ನು ಬಳಸಿ.

ಗುಪ್ತಲಿಪಿ: ಕನ್ನಡಕ್ಕೆ ಒಪ್ಪುವುದನ್ನು ಆರಿಸಿ

ಗುಪ್ತಲಿಪಿಯಲ್ಲಿ ಸಂತೋಷ ಇರುವುದು ಬಿಡಿಸುವ ಕ್ರಮ ಕಂಡುಹಿಡಿಯುವ ಕ್ಷಣದಲ್ಲಿ. ಆಮೇಲಿನದು ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳುವ ಕೆಲಸ, ಅದು ಉದ್ದವಾದಷ್ಟೂ ಬೇಸರ. ಸಂದೇಶ 12ರಿಂದ 16 ಅಕ್ಷರ ಮೀರದಿರಲಿ. "ಮೇಜಿನ ಕೆಳಗೆ ನೋಡು" ಎಂಬಷ್ಟು ಸಾಕೇ ಸಾಕು.

ಇಂಗ್ಲಿಷಿನಲ್ಲಿ ಸೀಸರ್ ಲಿಪಿ ಸಲೀಸು: 26 ಅಕ್ಷರ, ಮೂರು ಜಾಗ ಮುಂದಕ್ಕೆ ಸರಿಸಿದರೆ ಆಯಿತು. ಕನ್ನಡದಲ್ಲಿ ಸ್ವರಚಿಹ್ನೆ, ಒತ್ತಕ್ಷರ ಎಲ್ಲ ಇರುವುದರಿಂದ ಹಾಗೆಯೇ ತರಲಾಗದು. ಸ್ವರಚಿಹ್ನೆಯನ್ನು ಮುಟ್ಟದೆ ವ್ಯಂಜನವನ್ನಷ್ಟೇ ಒಂದು ಜಾಗ ಸರಿಸುವುದು ಒಂದು ಉಪಾಯ, "ಮನೆ" ಎಂಬುದು "ಯಪೆ" ಆಗುತ್ತದೆ. ಕೆಲಸ ಮಾಡುತ್ತದೆ, ಆದರೆ ಘ, ಙ, ಝ, ಞ ಬಂದಾಗ ಓದಲು ನಾಲಿಗೆ ತಡವರಿಸುತ್ತದೆ, ಮ ಆದ ಮೇಲೆ ಯ ಎಂಬುದನ್ನು ಎಲ್ಲರೂ ಥಟ್ಟನೆ ನೆನಪಿಸಿಕೊಳ್ಳುವುದಿಲ್ಲ. ಗೋಡೆಯ ಮೇಲೆ ವರ್ಣಮಾಲೆಯ ಪಟ ತೂಗುಹಾಕಿದ್ದರೆ ಮಾತ್ರ ಇದು ನ್ಯಾಯ.

ನಮ್ಮ ಮೆಚ್ಚಿನ ಆಯ್ಕೆ ವರ್ಗೀಯ ವ್ಯಂಜನಗಳದು. ಕ ವರ್ಗದಿಂದ ಪ ವರ್ಗದವರೆಗೆ ಐದು ಸಾಲು, ಸಾಲಿಗೆ ಐದು ಅಕ್ಷರ: 5×5 ಚೌಕ ಕನ್ನಡದಲ್ಲಿ ಹುಟ್ಟಿನಿಂದಲೇ ಸಿದ್ಧವಾಗಿದೆ. ಸಾಲಿನ ಅಂಕಿ ಮೊದಲು, ಸಾಲಿನೊಳಗಿನ ಜಾಗ ಆಮೇಲೆ. ದ ನಾಲ್ಕನೆಯ ಸಾಲಿನ ಮೂರನೆಯದು, 43. ಪ ಐದನೆಯ ಸಾಲಿನ ಮೊದಲನೆಯದು, 51. ಹಾಗಾಗಿ "ದೀಪ" ಎಂದರೆ 4351, "ಮೇಜು" ಎಂದರೆ 5523. ಎರಡಕ್ಷರದ ಪದಕ್ಕೆ ಸರಿಯಾಗಿ ನಾಲ್ಕಂಕಿ, ಬೀಗಕ್ಕೆ ಹೇಳಿ ಮಾಡಿಸಿದಂತೆ. ಪದ ಆರಿಸುವಾಗ ಯ, ರ, ಲ, ವ ಮುಂತಾದ ಅವರ್ಗೀಯಗಳೂ ಒತ್ತಕ್ಷರವೂ ಇರಬಾರದು. "ಗಡಿ"ಯಂಥ ಪದಕ್ಕೆ 1333 ಬರುತ್ತದೆ, ಅಂಥ ಒಂದೇ ಅಂಕಿಯ ಸಾಲನ್ನು ಬಿಡಿ. ಒಂದು ಎಚ್ಚರ: ಇಲ್ಲಿ 1ರಿಂದ 5ರವರೆಗಿನ ಅಂಕಿಗಳು ಮಾತ್ರ ಬರುವುದರಿಂದ ಬೀಗದ ಸಾಧ್ಯತೆಗಳು 10,000ದಿಂದ 625ಕ್ಕೆ ಇಳಿಯುತ್ತವೆ. ಊಹೆಯಿಂದ ತೆರೆಯಲು ಅದೂ ಬಹಳವೇ, ಚಿಂತೆಯಿಲ್ಲ.

ಅಕ್ಷರಗಳಿಂದ ಅಂಕಿ ಸೂಚಿಸುವ ಹಳೆಯ ಕಟಪಯಾದಿ ಪದ್ಧತಿಯೂ ಹಲವರಿಗೆ ಆಸೆ ಹುಟ್ಟಿಸುತ್ತದೆ. ಕ, ಟ, ಪ, ಯ ನಾಲ್ಕಕ್ಕೂ 1, ಅಲ್ಲಿಂದ ಮುಂದಕ್ಕೆ ಎಣಿಕೆ, ಞ ಮತ್ತು ನ ಸೊನ್ನೆ. "ಕಮಲ" ಎಂದರೆ ಕ 1, ಮ 5, ಲ 3. ಆದರೆ ಈ ಪದ್ಧತಿಯಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದುವುದು ಸಂಪ್ರದಾಯ, ಉತ್ತರ 351. ಗೊತ್ತಿಲ್ಲದವರು 153 ಹಾಕಿ ಸೋಲುತ್ತಾರೆ, ಗೊತ್ತಿದ್ದವರು ನೇರ ಗೆಲ್ಲುತ್ತಾರೆ, ಹೊರಗಿನ ಜ್ಞಾನಕ್ಕೆ ಬಹುಮಾನ ಕೊಟ್ಟಂತಾಯಿತು. ಬಳಸುವುದಾದರೆ ಪೂರ್ತಿ ಕೋಷ್ಟಕವನ್ನೂ ಬಲದಿಂದ ಎಡಕ್ಕೆ ತೋರುವ ಬಾಣವನ್ನೂ ಕೋಣೆಯೊಳಗೇ ಇಡಿ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನಕ್ಕೆ ಮಾತ್ರ ಬೆಲೆ ಎಂಬ ನಿಯಮವನ್ನು ಯಾರಿಗೂ ವಿವರಿಸಲು ಹೋಗಬೇಡಿ, ಒತ್ತಕ್ಷರವಿಲ್ಲದ ಪದ ಆರಿಸಿ.

ದನಿಯ ಸಂಕೇತ ಬೇಕೆಂದರೆ ಗಿಡ್ಡ, ಉದ್ದ ಸದ್ದುಗಳ ಮೋರ್ಸ್ ಇದೆ. ಅದರಲ್ಲಿ ಅಂಕಿಗಳನ್ನೇ ಕಳಿಸಿ. ಪ್ರತಿ ಅಂಕಿಗೂ ಐದೇ ಸದ್ದು, ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರು ಎಂಬ ತಂಟೆಯಿಲ್ಲ. ಸುತ್ತು ಮುಗಿದ ಮೇಲೆ ಐದಾರು ಸೆಕೆಂಡು ಮೌನವಿಟ್ಟು ಮತ್ತೆ ಶುರುಮಾಡಿ, ಇಲ್ಲದಿದ್ದರೆ ನಡುವಿನಿಂದ ಬರೆದುಕೊಂಡವರು ದಿಕ್ಕು ತಪ್ಪುತ್ತಾರೆ.

ಕೈಯಲ್ಲಿ ಆಡಿಸುವ ಪಜಲ್‌ಗಳು

ಇವು ಇಡೀ ತಂಡವನ್ನು ಒಂದೆಡೆ ಸೇರಿಸುತ್ತವೆ, ಓದಲು ಬೇಸರಪಡುವವರಿಗೂ ಇಲ್ಲಿ ಕೆಲಸವಿದೆ. ಕೆಡುವುದು ಮಾತ್ರ ಹೆಚ್ಚು, ಅದೂ ಕಣ್ಣಿಗೆ ಕಾಣದ ಬಗೆಯಲ್ಲಿ.

ಸರಿಸುವ ಬಿಲ್ಲೆಗಳ 15 ಪಜಲ್ ತೆಗೆದುಕೊಳ್ಳಿ. ಬಿಲ್ಲೆಗಳನ್ನು ಕಿತ್ತು ಮನಬಂದಂತೆ ಮತ್ತೆ ಕೂರಿಸಿದರೆ ಅರ್ಧದಷ್ಟು ಜೋಡಣೆಗಳು ಎಷ್ಟು ಸರಿಸಿದರೂ ಬಿಡಿಸಲಾಗದಂಥವು. ಇದು 1879ರಲ್ಲೇ ಗಣಿತದಿಂದ ಸಾಬೀತಾದ ಮಾತು. ಹಿಂದಿನ ತಂಡ ಎರಡು ಬಿಲ್ಲೆ ಕಿತ್ತು ಅದಲುಬದಲಾಗಿ ಕೂರಿಸಿದ್ದರೆ ಮುಂದಿನ ತಂಡ ತಿಳಿಯದೆ ಅಸಾಧ್ಯವಾದದ್ದಕ್ಕೆ ಒದ್ದಾಡುತ್ತಿರುತ್ತದೆ. ಬಿಲ್ಲೆ ಕೀಳಲು ಬಾರದ ಚೌಕಟ್ಟು ಮಾಡಿ. ಒಂದು ಗುಂಡಿ ಒತ್ತಿದರೆ ಅಕ್ಕಪಕ್ಕದ ದೀಪಗಳೂ ಬದಲಾಗುವ 5×5 ದೀಪದ ಪಜಲ್‌ನಲ್ಲೂ ಹೀಗೆಯೇ, ಕಾಲುಭಾಗ ಸ್ಥಿತಿಗಳನ್ನು ಮಾತ್ರ ಬಿಡಿಸಬಹುದು. ಎಲ್ಲ ದೀಪ ಆರಿಸಿಟ್ಟು ಅಲ್ಲಿಂದ ಆರೇಳು ಗುಂಡಿ ಒತ್ತಿ ಆರಂಭದ ಸ್ಥಿತಿ ಮಾಡಿದರೆ ಅದು ಬಿಡಿಸಲು ಬರುತ್ತದೆ ಎಂಬುದು ಖಚಿತ.

ಒಂದು ಕಂಬದ ಬಿಲ್ಲೆಗಳನ್ನು ಒಂದೊಂದಾಗಿ ಇನ್ನೊಂದು ಕಂಬಕ್ಕೆ ಸಾಗಿಸುವ ಹನೋಯ್ ಗೋಪುರ ಬೇಡ. 4 ಬಿಲ್ಲೆಗೆ 15 ನಡೆ, ಗೊತ್ತಿದ್ದವರು ಮಾತಾಡುತ್ತಲೇ ಮುಗಿಸುತ್ತಾರೆ, ಉಳಿದವರಿಗೆ ಅದರಲ್ಲಿ ಪಾಲಿಲ್ಲ. 3 ಮತ್ತು 5 ಲೀಟರಿನ ಪಾತ್ರೆಗಳಿಂದ 4 ಲೀಟರ್ ಅಳೆಯುವ ಆರು ನಡೆಯ ಲೆಕ್ಕ ಚೆಂದ, ಆದರೆ ನೀರು ಚೆಲ್ಲಿದ ಕೋಣೆಯಲ್ಲಿ ಕಾಗದವೂ ವೈರೂ ಉಳಿಯುವುದಿಲ್ಲ.

ಅಯಸ್ಕಾಂತ, ಅದು ಹತ್ತಿರ ಬಂದರೆ ಕೆಲಸ ಮಾಡುವ ರೀಡ್ ಸ್ವಿಚ್ ಬಳಸಿ ಸರಿಯಾದ ವಸ್ತುವನ್ನು ಸರಿಯಾದ ಜಾಗದಲ್ಲಿಟ್ಟಾಗ ಬಾಗಿಲು ತೆರೆಯುವಂತೆ ಮಾಡುವುದಾದರೆ ವಸ್ತು ಕೂರಲು ತಗ್ಗು ಕೊರೆದಿರಬೇಕು. ಬರೀ ಹಲಗೆಯ ಮೇಲಿಟ್ಟರೆ ಸ್ವಲ್ಪ ಪಕ್ಕಕ್ಕೆ ಸರಿದರೂ ಸ್ವಿಚ್ ಹಿಡಿಯುವುದಿಲ್ಲ. ಆಗ ತಂಡ ಸರಿಯಾದ ಉತ್ತರವನ್ನೇ ತಪ್ಪೆಂದು ಕಿತ್ತುಹಾಕುತ್ತದೆ, ಮತ್ತೆ ಅದರತ್ತ ತಿರುಗಿಯೂ ನೋಡುವುದಿಲ್ಲ. ಪ್ರತಿ ವಸ್ತು ಕೂತ ಕೂಡಲೇ ಒಂದು ಸಣ್ಣ ದೀಪ ಹತ್ತಲಿ ಅಥವಾ ಟಕ್ಕೆಂದು ಸದ್ದಾಗಲಿ. ಆದರೆ ಒಂದೊಂದಕ್ಕೂ ದೀಪ ಹತ್ತಿದರೆ ಒಂದೊಂದಾಗಿ ಊಹಿಸುತ್ತಾ ಹೋಗಬಹುದು. ಹಾಗಾಗಿ ಆ ದೀಪ "ವಸ್ತು ಕೂತಿದೆ" ಎಂದಷ್ಟೇ ಹೇಳಲಿ, ಸರಿಯೋ ತಪ್ಪೋ ಎಂಬುದು ಎಲ್ಲ ಕೂತ ಮೇಲೆ ತಿಳಿಯಲಿ. ಇದಕ್ಕೆ ಎಲ್ಲ ವಸ್ತುಗಳಲ್ಲೂ ಅಯಸ್ಕಾಂತ ಬೇಕು, ಅವುಗಳ ಸ್ಥಾನ ಮಾತ್ರ ಬೇರೆಬೇರೆ.

ಯಾವ ಆಟಕ್ಕೆ ಯಾವುದು

ಇಬ್ಬರೇ ಆಡುವ ಆಟವಾದರೆ ತರ್ಕ ಮತ್ತು ಗುಪ್ತಲಿಪಿ ಹೆಚ್ಚಿರಲಿ, ಹುಡುಕಾಟ ಕಡಿಮೆಯಿರಲಿ. ಐದಾರು ಜನರಿದ್ದರೆ ಯಾವ ಹೊತ್ತಿನಲ್ಲೂ ಕನಿಷ್ಠ ಎರಡು ಪಜಲ್ ತೆರೆದಿರಬೇಕು, ಅದರಲ್ಲೊಂದು ಕೈಕೆಲಸದ್ದಾಗಿರಬೇಕು. ಮಕ್ಕಳಿಗೆ ಒಗಟು ಒಪ್ಪುತ್ತದೆ, ದೊಡ್ಡವರಿಗಿಂತ ಅವರು ಧೈರ್ಯವಾಗಿ ಊಹಿಸುತ್ತಾರೆ. ಆದರೆ "ಅಲ್ಲ" ಎಂಬ ಹೇಳಿಕೆಗಳ ತರ್ಕ ಅವರಿಗೆ ಭಾರ, "ಇಲ್ಲಿದೆ" ಎನ್ನುವ ಹೇಳಿಕೆಗಳೇ ಹೆಚ್ಚಿರಲಿ.

60 ನಿಮಿಷಕ್ಕೆ ಎಂಟೊಂಬತ್ತು ಪಜಲ್, ಸರಾಸರಿ ಐದು ನಿಮಿಷದಂತೆ, ಉಳಿದದ್ದು ಹುಡುಕಾಟಕ್ಕೂ ತಡವರಿಕೆಗೂ. ಶುರುವಿಗೆ ಸುಲಭದ ಕೈಕೆಲಸ, ಕೋಣೆಯ ಪರಿಚಯವಾಗಲಿ. ನಡುವೆ ಒಗಟು, ಗುಪ್ತಲಿಪಿ, ತರ್ಕ ಮೂರೂ ಒಟ್ಟಿಗೆ ತೆರೆದಿರಲಿ. ಕೊನೆಗೆ ಎಲ್ಲರೂ ಕೈ ಹಾಕುವಂಥದ್ದು ಬರಲಿ. ಕೊನೆಯ ಪಜಲ್ ಮಾತ್ರ ಒಗಟಾಗಿರಬಾರದು: ಟೈಮರ್ ಓಡುವಾಗ ಹೊಳೆಯುವುದು ಇನ್ನೂ ಕಷ್ಟ.

ಪರೀಕ್ಷೆಗೆ ಪಜಲ್ ಗೊತ್ತಿಲ್ಲದ ಮೂರ್ನಾಲ್ಕು ತಂಡಗಳನ್ನು ಕೂರಿಸಿ, ಪ್ರತಿ ಪಜಲ್‌ಗೆ ಹಿಡಿದ ಹೊತ್ತು ಬರೆದಿಡಿ. ಸರಾಸರಿಗಿಂತ ಮುಖ್ಯ ಅಂತರ. ಒಂದು ತಂಡಕ್ಕೆ ಒಂದು ನಿಮಿಷ, ಇನ್ನೊಂದಕ್ಕೆ ಹನ್ನೆರಡು ಹಿಡಿದರೆ ಅದಕ್ಕೆ ನೀವು ಏನೇ ಹೆಸರಿಟ್ಟಿದ್ದರೂ ಅದು ಒಗಟೇ, ಅದರ ಪಕ್ಕದಲ್ಲಿ ಇನ್ನೊಂದು ದಾರಿ ತೆರೆದಿಡಿ.

ಹಿಂಟ್ ಕೊಡುವುದೂ ಬಗೆಯಿಂದ ಬಗೆಗೆ ಬೇರೆ. ಒಗಟಿಗೆ ಮೂರು ನಿಮಿಷವಾದ ಮೇಲೆ ಉತ್ತರದ ವಸ್ತು ಇರುವ ಮೂಲೆಯನ್ನು ತೋರಿಸಿ, ಒಗಟಿನ ಮಾತನ್ನು ಬಿಡಿಸಿ ಹೇಳಲು ಹೋದರೆ ಇನ್ನೊಂದು ಒಗಟು ಕೊಟ್ಟಂತಾಗುತ್ತದೆ. ಗುಪ್ತಲಿಪಿಗೆ ನಾಲ್ಕು ನಿಮಿಷದ ಮೇಲೆ ಚೌಕದ ಪಟದತ್ತ ಗಮನ ಸೆಳೆದರೆ ಸಾಕು. ತರ್ಕಕ್ಕೆ ಆರು ನಿಮಿಷ ಕಾಯಿರಿ, ಆಮೇಲೆ ಯಾವ ಕಾರ್ಡನ್ನು ತಪ್ಪಾಗಿ ಓದಿದ್ದಾರೋ ಅದರ ಅಂಕಿ ಮಾತ್ರ ಹೇಳಿ. ಆಟ ಮುಗಿದು ಮತ್ತೆ ಜೋಡಿಸುವಾಗ ಕಾರ್ಡುಗಳ ಮೇಲೆ ಪೆನ್ಸಿಲ್ ಗುರುತು ಉಳಿದಿದೆಯೇ ನೋಡಿ, ಲ್ಯಾಮಿನೇಟ್ ಮಾಡಿಸಿದ್ದರೆ ಒರೆಸಿದರಾಯಿತು. ಅಂಕಿ ಬದಲಿಸಬಹುದಾದ ಬೀಗವನ್ನು ತೆರೆದಾಗ ಆಟಗಾರರು ಅದರ ಸಣ್ಣ ಕಡ್ಡಿಯನ್ನು ತಿರುಗಿಸಿಬಿಟ್ಟರೆ ಸಂಖ್ಯೆಯೇ ಬದಲಾಗಿರುತ್ತದೆ. ಪ್ರತಿ ಆಟದ ಮುಂಚೆ ಬೀಗ ಮುಚ್ಚಿ, ಅಂಕಿಯ ಚಕ್ರಗಳನ್ನು ಕಲಸಿ, ನೀವೇ ಒಮ್ಮೆ ತೆರೆದು ನೋಡಿ, ಮತ್ತೆ ಮುಚ್ಚಿ ಕಲಸಿಡಿ.